ದರಕಿನ ಬೀಗರು

ಕುಮಟೆಯಿಂದ ಹೊನ್ನಾವರಕ್ಕೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿ ಎದ್ದ ಗ್ಯಾಸ್ ಕಾರ್ಖಾನೆಗೆ ಹೊರಗೆಲ್ಲ ಹಸಿರು ಬಣ್ಣ, ಒಳಗೆಲ್ಲ ಕಲ್ಲಿದ್ದಲು. ಕಲ್ಲಿದ್ದಲಿನ ಜೊತೆ ಒಣಎಲೆ, ತೆಂಗಿನ ಸಿಪ್ಪೆ ಸೇರಿಸಿ, ಗಾಳಿ ಕಡಿಮೆ ಬಿಟ್ಟು ಸುಟ್ಟರೆ ಗ್ಯಾಸ್ ಬರುತ್ತದೆ, ಅದರಿಂದ ಕರೆಂಟು ಮಾಡಿ ಬಂದರಿನ ಐಸ್ ಫ್ಯಾಕ್ಟರಿಗೆ ಕೊಡುತ್ತೇವೆ, ಹೊಗೆಯೂ ಕಡಿಮೆ ಎಂದು ಮ್ಯಾನೇಜರ್ ರವೀಂದ್ರ ಮನೆಮನೆ ತಿರುಗಿ ಹೇಳಿದ. ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಎಲೆ ಎಷ್ಟು ಸೇರಿಸುತ್ತೇವೆ ಎನ್ನುವುದನ್ನು ಮಾತ್ರ ಆ ಮಹಾನುಭಾವ ಹೇಳಲಿಲ್ಲ. ಉದ್ಘಾಟನೆಗೆ ಮುಂಚೆ ಯಂತ್ರ ಓಡಿಸಿ ನೋಡುತ್ತಿದ್ದ ದಿನಗಳಲ್ಲಿ ಅಲ್ಲಿ ಕಸ ಗುಡಿಸಲು ಹೋಗುತ್ತಿದ್ದ ಮಂಜಿ ಕಣ್ಣಾರೆ ಕಂಡು ಬಂದಳು. ಲಾರಿಗಟ್ಟಲೆ ಕಲ್ಲಿದ್ದಲಿಗೆ ನಾಲ್ಕು ಬುಟ್ಟಿ ಎಲೆ, ಅದೂ ದೊಡ್ಡ ಸಾಹೇಬರು ನೋಡಲು ಬಂದ ದಿನ. ಅಷ್ಟಕ್ಕೇ ಬಾಗಿಲಲ್ಲಿ ‘ಶುದ್ಧ ಇಂಧನ’ ಎಂದು ಆಳೆತ್ತರದ ಬೋರ್ಡು.

ಮಂಜಿಯ ನೆರೆಮನೆಯ ದುರ್ಗಿಗೆ ಆ ಬೋರ್ಡು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಹಾಲಕ್ಕಿ ಒಕ್ಕಲಿಗರ ಕೇರಿಯಾದ ಕೊಪ್ಪದ ಹಾಡುಗಾತಿ ಅವಳು. ಅವಳಿಲ್ಲದೆ ಕೊಪ್ಪದಲ್ಲಿ ಮದುವೆಯಾದದ್ದಿಲ್ಲ, ಬೀಗರನ್ನು ಬೈಯುವ ಅವಳ ಹಾಡಿಗೆ ಸಿಕ್ಕ ಗಂಡಿನ ಕಡೆಯವರು ತಲೆ ಎತ್ತಿ ಊಟ ಮಾಡಿದ್ದಿಲ್ಲ. ಬೋರ್ಡಿಗೆ ತಕ್ಕ ಎಲೆಯ ರಾಶಿ ತೋರಿಸಲು ಈಗ ರವೀಂದ್ರನ ಕಣ್ಣು ಕೊಪ್ಪದ ಹಿಂದಿನ ಗುಡ್ಡದ ದರಕಿನ ಮೇಲೆ ಬಿದ್ದಿತ್ತು. ಚಳಿ ಮುಗಿಯುವಾಗ ಉದುರುವ ಆ ಒಣಎಲೆಯನ್ನು ಹೆಂಗಸರು ಗುಡಿಸಿ ತಂದು ಕೊಟ್ಟಿಗೆಗೆ ಹಾಸುತ್ತಾರೆ. ಅದೇ ಗೊಬ್ಬರವಾಗಿ ಗದ್ದೆಗೂ ಈರುಳ್ಳಿ ಪಾತಿಗೂ ಹೋಗುತ್ತದೆ. ದರಕು ಹೋದರೆ ದುರ್ಗಿಯ ಈರುಳ್ಳಿಯೂ ಹೋಯಿತು, ಕೊಪ್ಪದ ಬದುಕೂ ಹೋಯಿತು.

ಊರಗೌಡ ತಿಮ್ಮ ಕೊಡುತ್ತೇನೆ ಎನ್ನಲಿಲ್ಲ, ಕೊಡುವುದಿಲ್ಲ ಎಂದೂ ಎನ್ನಲಿಲ್ಲ. ಕೊಪ್ಪದ ದಾರಿಗೆ ದೀಪ ಹಾಕಿಸುತ್ತೇನೆಂದು ರವೀಂದ್ರ ಆಸೆ ತೋರಿಸಿದ್ದ. ಆ ದೀಪದ ಆಸೆಗೆ ಬಾಯಿ ಬಿಟ್ಟವರು ಒಂದಷ್ಟು ಮಂದಿ, ದುರ್ಗಿಯ ಮಾತಿಗೆ ತಲೆ ಆಡಿಸಿದವರು ಒಂದಷ್ಟು ಮಂದಿ. ಗೌಡ ಎರಡೂ ಕಡೆಗೆ ನಗುತ್ತ, “ನೋಡ್ವ” ಎಂದು ಎಲೆ ಅಡಿಕೆ ಜಗಿಯುತ್ತಿದ್ದ. ಇಂಥ ಗೌಡಿಕೆಯನ್ನು ತನ್ನ ಮನೆಯ ಎಮ್ಮೆಯೂ ಮಾಡೀತು ಎಂದು ದುರ್ಗಿ ಮಂಜಿಯೆದುರು ಅಂದಳು.

ಅಷ್ಟರಲ್ಲಿ ರವೀಂದ್ರನೇ ಅವಳ ಅಂಗಳಕ್ಕೆ ಬಂದ. ಕಾರ್ಖಾನೆಯ ಉದ್ಘಾಟನೆಗೆ ನಿಮ್ಮ ಹೆಂಗಸರನ್ನೆಲ್ಲ ಕರೆದುಕೊಂಡು ಬಂದು ಒಂದು ಹಾಡು ಹೇಳಬೇಕು, ಕುತ್ತಿಗೆ ತುಂಬ ಮಣಿಸರ ಹಾಕಿಕೊಳ್ಳಿ, ಫೋಟೋಕ್ಕೆ ಚೆಂದ ಎಂದ. ಇವನ ಮೋರೆಗಿಷ್ಟು ಬೆಂಕಿ ಹಾಕ ಎಂದು ಮನಸ್ಸಿನಲ್ಲೇ ಶಪಿಸಿದ ದುರ್ಗಿ, ಬಾಯಲ್ಲಿ ಆತು ಅಂದಳು. ಊರು ಸೇರಿದಲ್ಲೇ ಮಾನ ಕಳೆಯುತ್ತೇನೆ ಎಂಬ ಹುರುಪು ಅವಳಿಗೆ.

ಆ ದಿನ ವೇದಿಕೆಯ ಮೇಲೆ ಶಾಲು ಹೊದ್ದವರು ಸಾಲಾಗಿ ಕೂತಿದ್ದರು. ಗಿಡಕ್ಕೆ ನೀರು ಹೊಯ್ದು, ಭೂತಾಯಿಯ ಹೆಸರು ಹೇಳಿ, ಒಬ್ಬರನ್ನೊಬ್ಬರು ಹೊಗಳಿ ಮುಗಿಸಿದ ಮೇಲೆ ದುರ್ಗಿಯ ಸರದಿ ಬಂತು. ಅವಳು ದನಿ ತೆಗೆದಳು:

“ಬಂದ್ರು ನೋಡಿರೆ ನಮ್ಮ ಬೀಗರು ಬಂದ್ರು,
ಕರಿ ಮೋರೆಗೆ ಹಸ್ರು ರುಮಾಲು ಸುತ್ಕಂಡ್ರು.
ಲಾರಿ ಲಾರಿ ಇದ್ಲು ನುಂಗೂ ಬೀಗರಿಗೆ
ನಮ್ಮ ದರಕು ಎಂತಕೆ, ಬಾಯಿ ಒರ್ಸೂಕೆ?”

ಬೀಗರ ಹಾಡು ಎಂದ ಮೇಲೆ ಕೇಳಬೇಕೇ, ಹಿಂದಿನ ಹೆಂಗಸರೆಲ್ಲ ದನಿಗೂಡಿಸಿದರು. ಗಂಡಿನ ಕಡೆಯವರ ಹೊಟ್ಟೆ, ಮೂಗು, ಜಿಪುಣತನ ಯಾವುದನ್ನೂ ದುರ್ಗಿ ಬಿಡಲಿಲ್ಲ. ವೇದಿಕೆಯ ಮೇಲಿದ್ದವರು ತೊಡೆ ತಟ್ಟಿ ತಾಳ ಹಾಕಿದರು. ರವೀಂದ್ರ ಮೊಬೈಲು ಹಿಡಿದು ಚಿತ್ರ ತೆಗೆದದ್ದೇ ತೆಗೆದದ್ದು. ಬೈಸಿಕೊಂಡು ಚಪ್ಪಾಳೆ ತಟ್ಟುವ ಈ ದಡ್ಡ ಶಿಖಾಮಣಿಗಳನ್ನು ನೋಡಿ ದುರ್ಗಿಗೆ ಅಸಹ್ಯವೂ ಆಯಿತು, ಸಂತೋಷವೂ ಆಯಿತು. ತಿಳಿಯಬೇಕಾದ ನಮ್ಮವರಿಗೆ ತಿಳಿದರೆ ಸಾಕು ಎಂದುಕೊಂಡಳು.

ತಿಳಿಯಿತು. ಸಂಜೆಯೇ ಗೌಡನ ಅಂಗಳದಲ್ಲಿ ಕೊಪ್ಪ ಸೇರಿತು. ಶಭಾಸ್ ಅನ್ನಿಸಿಕೊಳ್ಳಲು ದುರ್ಗಿ ಮುಂದೆಯೇ ಕೂತಿದ್ದಳು. ತಿಮ್ಮಗೌಡ ಬಾಯಲ್ಲಿದ್ದುದನ್ನು ಉಗಿದು ಬಂದು ಕೇಳಿದ.

“ದುರ್ಗಿ, ಬೀಗರ ಹಾಡು ಯಾರಿಗೆ ಹೇಳೂದು?”

“ಗಂಡಿನ ಕಡೆಯವ್ರಿಗೆ.”

“ಹೆಣ್ಣು ಕೊಡೂದಿಲ್ಲ ಅಂದವ್ರಿಗೆ ಹೇಳೂದುಂಟಾ?”

ಉತ್ತರ ದುರ್ಗಿಗೆ ಗೊತ್ತಿತ್ತು. ಇಲ್ಲ. ಒಲ್ಲದ ಸಂಬಂಧದವರು ಬಂದರೆ ಕುಡಿಯಲು ನೀರು ಕೊಟ್ಟು ಸುಮ್ಮನೆ ಕಳಿಸುವುದು. ಮಾತು ಮುಗಿದು, ಹೆಣ್ಣು ಕೊಟ್ಟಾದ ಮೇಲೆಯೇ ಬೈಯುವ ಹಕ್ಕು. ಬೇಡದವರನ್ನು ಬೀಗರೆಂದು ಕರೆದು ಹಾಡಿದ ಹೆಂಗಸು ಕೊಪ್ಪದಲ್ಲಿ ಈವರೆಗೆ ಹುಟ್ಟಿರಲಿಲ್ಲ.

“ನಾನು ನೋಡ್ವ ಅಂದಿದ್ದೆ,” ಅಂದ ಗೌಡ. “ನೀನು ಊರೆದ್ರಿಗೆ ದರಕು ಕೊಟ್ಟಾತು ಅಂದ್ಬಿಟ್ಟೆ.”

“ಅವ್ರಿಗೆ ಇದೆಲ್ಲ ಎಂತ ಗೊತ್ತುಂಟು, ಗೌಡ್ರೆ?”

“ಅವ್ರಿಗೆ ಗೊತ್ತಿಲ್ಲ. ನಮ್ಗೆ ಗೊತ್ತುಂಟಲ್ಲ.”

ಗೌಡನ ಮುಖದಲ್ಲಿ ಹೊರೆ ಇಳಿಸಿದವನ ನೆಮ್ಮದಿ ಇತ್ತು. ಅವನು ಹೇಡಿ ಎಂಬುದರಲ್ಲಿ ದುರ್ಗಿಗೆ ಈಗಲೂ ಅನುಮಾನವಿರಲಿಲ್ಲ. ಆದರೆ ಹೇಡಿ ಆಡಿದ ಮಾತು ಸರಿಯಾಗಿತ್ತು. ಅವಳು ಮಂಜಿಯ ಕಡೆ ನೋಡಿದಳು. ಮಂಜಿ ತಲೆ ತಗ್ಗಿಸಿದಳು.

ಗೌಡ ರಾತ್ರಿಯೇ ಹೇಳಿಕಳಿಸಿದ್ದರಿಂದ ಬೆಳಗಾಗುವುದರೊಳಗೆ ಗುಡ್ಡದ ಬುಡಕ್ಕೆ ಲಾರಿ ಬಂದು ನಿಂತಿತ್ತು. ಹೆಂಗಸರು ಬುಟ್ಟಿ ಹಿಡಿದು ದುರ್ಗಿಯ ಬಾಗಿಲಲ್ಲಿ ಕಾದರು. ಹಾಡು ಎತ್ತಿದವಳೇ ಹೆಣ್ಣನ್ನು ಕಳಿಸಿಕೊಡಬೇಕೆಂಬುದು ರೂಢಿ. ಅವಳು ಗುಡ್ಡ ಹತ್ತಿ, ದರಕು ಗುಡಿಸಿ, ಮೊದಲ ಬುಟ್ಟಿಯನ್ನು ತಾನೇ ಹೊತ್ತು ಇಳಿದಳು.

ಲಾರಿಯ ಪಕ್ಕದಲ್ಲಿ ರವೀಂದ್ರ ಕೈ ಮುಗಿದು ನಿಂತಿದ್ದ. “ದುರ್ಗಕ್ಕ, ನಿಮ್ಮ ಹಾಡು ಸಾಹೇಬರಿಗೆಲ್ಲ ಭಾರೀ ಖುಷಿ ಆಗಿದೆ,” ಅಂದ.

ದುರ್ಗಿ ಬುಟ್ಟಿಯನ್ನು ಲಾರಿಗೆ ಸುರುವಿ, ಇನ್ನೊಂದು ತುಂಬಲು ಗುಡ್ಡಕ್ಕೆ ಹೋದಳು.