ಗ್ರಹಣ ಬಿಟ್ಟರೂ ಬೀಳದ ಒನಕೆ

ನಾನು ಕಗ್ಗಲಿ ಮರದ ಒನಕೆ. ತಿಪಟೂರಿನಾಚೆಯ ಒಂದು ಹಳ್ಳಿಯಲ್ಲಿ ವೀರಾಚಾರಿ ನನ್ನನ್ನು ಕೆತ್ತಿದ. ಉಳಿ ಇಡುವ ಮುಂಚೆ ಮರಕ್ಕೆ ಕೈಮುಗಿದ. ಕೆತ್ತಿ ಮುಗಿದ ಮೇಲೆ ಒಂದು ಕಣ್ಣು ಮುಚ್ಚಿ, ನೂಲು ಹಿಡಿದು, ನನ್ನ ತಳ ಸಮ ಇದೆಯೇ ಎಂದು ಮೂರು ಸಲ ನೋಡಿದ. "ಎಲ್ಲಿಟ್ರೂ ನಿಲ್ತೈತೆ" ಎಂದ. ಮುಗಿದ ಕೈಗೂ ಅಳೆದ ಕಣ್ಣಿಗೂ ಅವನಲ್ಲಿ ಜಗಳ ಇರಲಿಲ್ಲ. ಜಗಳ ನಾನು ಕಂಡದ್ದು ಆಮೇಲೆ.

ಸಿದ್ದಮ್ಮ ಮದುವೆಯಾಗಿ ಈ ಮನೆಗೆ ಬರುವಾಗ ನಾನೂ ಅವಳ ಜೊತೆ ಗಾಡಿಯಲ್ಲಿ ಬಂದೆ. ಭತ್ತ ಕುಟ್ಟಿದೆ, ಮೆಣಸಿನಕಾಯಿ ಕುಟ್ಟಿದೆ. ಊರಿಗೆ ಮಿಲ್ಲು ಬಂದಿತು. ನಾನು ಬಾಗಿಲ ಹಿಂದೆ ಸೇರಿದೆ. ಆಮೇಲೆ ನನ್ನ ನೆನಪಾಗುತ್ತಿದ್ದುದು ಗ್ರಹಣಕ್ಕೆ ಮಾತ್ರ. ಗ್ರಹಣ ಹಿಡಿದಾಗ ತಟ್ಟೆಯಲ್ಲಿ ಅರಿಶಿನದ ನೀರು ಹಾಕಿ ನನ್ನನ್ನು ನೆಟ್ಟಗೆ ನಿಲ್ಲಿಸುವರು. ಗ್ರಹಣ ಇರುವಷ್ಟು ಹೊತ್ತು ದೇವರೇ ನಿಲ್ಲಿಸಿರುತ್ತಾನೆ, ಬಿಟ್ಟಾಗ ತಾನೇ ಬೀಳುತ್ತದೆ ಎಂದು ನಂಬಿಕೆ. ನಾನು ಬೀಳುವವರೆಗೆ ಮನೆಯಲ್ಲಿ ಯಾರೂ ಹನಿ ನೀರು ಮುಟ್ಟುವಂತಿಲ್ಲ. ಪ್ರತಿ ಸಲವೂ ಯಾರದೋ ಸೆರಗು ತಾಗಿಯೋ ಬೆಕ್ಕು ಒರಗಿಯೋ ಬೀಳುತ್ತಿದ್ದೆ. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಸಿದ್ದಮ್ಮನ ಮಗ ರೇಣುಕಪ್ಪ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಅವನ ಹೆಂಡತಿ ವನಜಾಕ್ಷಿಗೆ ಎಂಟು ತಿಂಗಳಾಗಿದ್ದಾಗ ಸೂರ್ಯಗ್ರಹಣ ಬಂತು. ಅವನು ಮಕ್ಕಳಿಗೆ ಕಪ್ಪು ಕನ್ನಡಕ ಹಂಚಲು ಬೆಳಿಗ್ಗೆಯೇ ಶಾಲೆಗೆ ಹೋದ. ಹೆಂಡತಿ ಏನಾದರೂ ತಿಂದಳೇ ಎಂದು ಕೇಳಲಿಲ್ಲ. ಸಿದ್ದಮ್ಮ ಸೊಸೆಯನ್ನು ಒಳಗೆ ಕೂರಿಸಿ, ಕಿಟಕಿ ಮುಚ್ಚಿ, ನನ್ನನ್ನು ನಿಲ್ಲಿಸಿದಳು. ಸಿದ್ದಮ್ಮನ ಚೊಚ್ಚಲ ಮಗು ಉಳಿದಿರಲಿಲ್ಲ. ಬಸುರಿಯಾಗಿದ್ದಾಗ ಗ್ರಹಣದ ಹೊತ್ತಿನಲ್ಲಿ ಹಸು ಬಿಚ್ಚಲು ಹೊರಗೆ ಹೋಗಿದ್ದೇ ಕಾರಣವೆಂದು ನಲವತ್ತು ವರ್ಷದಿಂದ ತನ್ನನ್ನೇ ಬೈದುಕೊಳ್ಳುತ್ತಿದ್ದಳು.

ಹನ್ನೊಂದಕ್ಕೆ ಗ್ರಹಣ ಬಿಟ್ಟಿತು. ನಾನು ಬೀಳಲಿಲ್ಲ. ಹನ್ನೆರಡಾಯಿತು. ಆಚಾರಿಯ ಕೈಗೆ ಶಾಪ ಹಾಕಿದೆ. ಎದುರಿಗೆ ವನಜಾಕ್ಷಿಯ ತುಟಿ ಒಣಗಿ ಬಿರಿದಿತ್ತು. ಒಂದು ಬೆಕ್ಕಾದರೂ ಬರಬಾರದೇ ಎಂದುಕೊಂಡೆ.

"ಅತ್ತೆ, ಬಾಯಿ ಒಣಗ್ತಾ ಐತೆ."

"ಇನ್ನೂ ನಿಂತೈತಲ್ಲವ್ವ. ಒಂದ್ ಚೂರು ತಡ್ಕೋ."

"ದೇವ್ರು ಸೂರ್ಯನ್ನೇ ಬಿಟ್ಟವ್ನೆ. ಈ ಕಟ್ಟಿಗೇನ ಬಿಡಾಕಿಲ್ವಾ?"

ಹಾಗೆಂದವಳು ಗೋಡೆಗೆ ಒರಗಿದಳು, ಅಲ್ಲೇ ಕಣ್ಣು ಮುಚ್ಚಿದಳು. ಸಿದ್ದಮ್ಮ ಸೊಸೆಯನ್ನು ನೋಡಿದಳು, ನನ್ನನ್ನು ನೋಡಿದಳು. ಎದ್ದು ಬಂದು ನನ್ನ ಎದೆಗೆ ಅಂಗೈ ಕೊಟ್ಟು ನೂಕಿದಳು. ಬಿದ್ದ ಸದ್ದು ಅಡಗುವ ಮುಂಚೆ ಚೊಂಬು ಸೊಸೆಯ ಬಾಯಿಗೆ ಹೋಗಿತ್ತು. ಅವಸರಕ್ಕೆ ಅರ್ಧ ನೀರು ಸೊಸೆಯ ಸೆರಗಿನ ಮೇಲೆ ಚೆಲ್ಲಿತು.

ಸಂಜೆ ರೇಣುಕಪ್ಪ ಬಂದು, ವಿಷಯ ಕೇಳಿ ನಕ್ಕ. ನನ್ನನ್ನು ಬರಿ ನೆಲದ ಮೇಲೆ ನಿಲ್ಲಿಸಿದ. "ನೋಡವ್ವ, ಗ್ರಹಣ ಇಲ್ದಿದ್ರೂ ನಿಂತೈತೆ. ತಳ ಸಮ ಐತೆ, ಭಾರ ನಡುವಿಗೆ ಬೀಳ್ತೈತೆ, ಅಷ್ಟೆ. ಎಲ್ಲೋದ ನಿನ್ ದೇವ್ರು?"

"ಇದನ್ನ ನಿನ್ನೆ ತೋರ್ಸಿದ್ರೆ ನಾನು ನೀರು ಕುಡಿತಿದ್ದೆ" ಎಂದಳು ವನಜಾಕ್ಷಿ.

ಸಿದ್ದಮ್ಮ ನನ್ನ ತಲೆಯ ಮೇಲೆ ಕೈಯಿಟ್ಟು ಮಗನಿಗೆ ಹೇಳಿದಳು: "ದಿನಾ ನಿಲ್ತೈತೆ ಅಂದ್ರೆ ದಿನಾನೂ ಅವ್ನೇ ನಿಲ್ಲಿಸ್ತಾನೆ ಅಂತ ಇಟ್ಕೋ. ಗ್ರಹಣದ ದಿನ ಮಾತ್ರ ಬರೋನು ದೇವ್ರಲ್ಲ ಕಣೋ, ನೆಂಟ."

"ಅದು ಭಾರದ ನಿಯಮ ಕಣವ್ವ."

"ಇರ್ಲಿ. ಆ ನಿಯಮ ಒಂದಿನಾನೂ ತಪ್ಪದಂಗೆ ನೋಡ್ಕೊಳ್ಳೋರು ಯಾರು?"

"ಅದು ವಿಜ್ಞಾನದ ಪ್ರಶ್ನೆ ಅಲ್ಲ" ಎಂದು ಅವನು ಕಾಲು ತೊಳೆಯಲು ಹೋದ.

ನನಗೆ ಕೂಗಬೇಕೆನಿಸಿತು. ವಿಜ್ಞಾನದ ಪ್ರಶ್ನೆ ಅಲ್ಲದಿದ್ದರೆ ಅದಕ್ಕೆ ವಿಜ್ಞಾನದ ಹೆಸರಿನಲ್ಲಿ ನಕ್ಕದ್ದೇಕೆ? ಹೇಗೆ ನಿಂತೆ ಎಂದು ಮಗ ಬಲ್ಲ. ನಿಲ್ಲುವಂಥ ಲೋಕವೊಂದು ಇರುವುದಾದರೂ ಏಕೆ ಎಂಬ ಬೆರಗು ತಾಯಿಗಿದೆ. ಒಬ್ಬರ ಉತ್ತರ ಇನ್ನೊಬ್ಬರ ಪ್ರಶ್ನೆಯನ್ನು ಅಳಿಸುವುದಿಲ್ಲ. ಆದರೂ ಇಬ್ಬರೂ ನನ್ನನ್ನೇ ಸಾಕ್ಷಿಗೆ ಎಳೆದರು. ಅಷ್ಟು ಹೊತ್ತು ಬಾಯಾರಿದವಳು ಮೂರನೆಯವಳು. ಆ ವಾದದಲ್ಲಿ ಅವಳ ಬಾಯಾರಿಕೆ ಯಾರ ಲೆಕ್ಕಕ್ಕೂ ಬರಲಿಲ್ಲ.

ಈಗ ನನಗೆ ಗೆದ್ದಲು ಹತ್ತಿದೆ. ವನಜಾಕ್ಷಿಯ ಮಗಳು ಓಡಾಡುತ್ತಾಳೆ. ಹೋದ ಗ್ರಹಣಕ್ಕೂ ಸಿದ್ದಮ್ಮ ತಟ್ಟೆ ತಂದಳು, ರೇಣುಕಪ್ಪ ಮತ್ತೆ ಭಾರದ ಪಾಠ ಶುರುಮಾಡಿದ. ಇಬ್ಬರೂ ಇನ್ನೂ ಹಳೆಯ ಜಗಳದಲ್ಲೇ ಇದ್ದಾರೆ ಎಂದು ನನ್ನ ಜೀವ ಬೇಸತ್ತಿತು. ಆದರೆ ಸಿದ್ದಮ್ಮ ನನ್ನನ್ನು ನಿಲ್ಲಿಸುವ ಮುಂಚೆ ಒಳಗೆ ಹೋಗಿ ಒಂದು ಚೊಂಬು ನೀರು ತಂದು ಸೊಸೆಯ ಕೈಗೆ ಕೊಟ್ಟಳು.

"ಇದು ನಿಲ್ಲೋದು ನಿಲ್ಲಲಿ" ಎಂದಳು. "ನೀನು ಕುಡಿ."