ಹದಿನೆಂಟು ಸೆಕೆಂಡಿನ ಅಲೆ

ಕಾರಟಗಿಯ ಅಕ್ಕಿ ಗಿರಣಿಯಲ್ಲಿ ಭತ್ತದ ತೇವಾಂಶ ಅಳೆಯುವುದು ನನ್ನ ಕೆಲಸ. ಅದು ಎಂಟಕ್ಕೆ ಶುರು. ಅದಕ್ಕೂ ಮೊದಲು, ಐದಕ್ಕೆ ಎದ್ದು ಶ್ರೀರಾಮನಗರದ ನಮ್ಮ ಮನೆಯ ಅಡುಗೆಕೋಣೆಯಲ್ಲಿ ಕೂತು ನಾನು ಸಮುದ್ರ ನೋಡುತ್ತೇನೆ. ನೋಡುವುದೆಂದರೆ ಫೋನಿನಲ್ಲಿ ಅಂಕಿಗಳನ್ನು: ಅಲೆಯ ಎತ್ತರ, ಒಂದು ಅಲೆಗೂ ಮುಂದಿನ ಅಲೆಗೂ ನಡುವಿನ ಸೆಕೆಂಡುಗಳು, ಗಾಳಿಯ ದಿಕ್ಕು. ನನ್ನ ಅಣ್ಣ ಅಯ್ಯಪ್ಪ ಕರಾವಳಿಯ ಒಂದು ಸರ್ಫಿಂಗ್ ಶಾಲೆಯಲ್ಲಿ ಕಲಿಸುತ್ತಾನೆ. ಕಲಿಯಲು ಬಂದವರನ್ನು ನೀರಿಗೆ ಇಳಿಸಬಹುದೋ ಬಾರದೋ ಎಂದು ಆರು ಗಂಟೆಯ ಹೊತ್ತಿಗೆ ಅವನಿಗೆ ಹೇಳಬೇಕು. ಅಕ್ಟೋಬರಿನಿಂದ ಹೇಳುತ್ತಿದ್ದೇನೆ. ಈಗ ಮೇ ತಿಂಗಳ ಕೊನೆಯ ವಾರ. ಗಿರಣಿಯ ಮುಂದೆ ಬೇಸಿಗೆ ಭತ್ತದ ಲಾರಿಗಳು ಸಾಲುಗಟ್ಟಿವೆ. ಕಣ್ಣು ಮುಚ್ಚಿದರೂ ಅಂಕಿಗಳೇ ಕಾಣುತ್ತವೆ.

ಆವತ್ತು ಕೇರಳದಾಚೆ ಕಡಲಲ್ಲಿ ತೇಲಬಿಟ್ಟ ಮಾಪಕ ತೋರಿಸಿದ್ದು ಒಂದು ಮೀಟರು ಎತ್ತರ, ಹದಿನೆಂಟು ಸೆಕೆಂಡು. ಸುತ್ತಲಿನ ಗಾಳಿ ಎಬ್ಬಿಸುವ ಅಲೆಗಳ ನಡುವೆ ಆರೇಳು ಸೆಕೆಂಡು ಇರುತ್ತದೆ. ಹದಿನೆಂಟೆಂದರೆ ಅದು ತೆಂಕಣ ಮಹಾಸಾಗರದಲ್ಲಿ ವಾರದ ಹಿಂದೆ ಎದ್ದ ಬಿರುಗಾಳಿಯದು. ಆಳದಲ್ಲಿ ಇಂಥ ಅಲೆ ಕಣ್ಣಿಗೇ ಬೀಳುವುದಿಲ್ಲ. ದಂಡೆಗೆ ಬಂದಾಗ ಎದ್ದು ನಿಲ್ಲುತ್ತದೆ. ಅದೂ ಗುಂಪಾಗಿ: ಕಾಲು ಗಂಟೆ ಏನೂ ಇಲ್ಲ, ಆಮೇಲೆ ಐದಾರು ಒಟ್ಟಿಗೆ.

ಈ ತಿಂಗಳು ಎರಡು ಸಲ ಇಂಥದೇ ಅಂಕಿ ನೋಡಿ ಬೇಡವೆಂದಿದ್ದೆ. ಎರಡು ಸಲವೂ ಅಣ್ಣ ಸಂಜೆ ಫೋನ್ ಮಾಡಿ "ಬರಲಿಲ್ಲ" ಎಂದಿದ್ದ. ಕತ್ತಲಾದ ಮೇಲೆ ಬಂದು ಹೋಗಿರಬೇಕು, ಅಲೆ ನನ್ನ ಲೆಕ್ಕಕ್ಕಿಂತ ಆರು ಗಂಟೆ ತಡವಾಗಿ ಬರುತ್ತದೆ ಎಂದು ತಿದ್ದಿಕೊಂಡಿದ್ದೆ. ಆ ತಿದ್ದುಪಡಿಯ ಪ್ರಕಾರ ಇವತ್ತಿನದು ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಬರಬೇಕು.

"ಅಣ್ಣಾ, ಇವತ್ತು ಯಾರನ್ನೂ ಇಳಿಸಬ್ಯಾಡ. ಮಧ್ಯಾಹ್ನ ಅಲಿ ಬರ್ತಾವು."

"ಮತ್ತ ಶುರು ಮಾಡಿದ್ಯಾ? ಒಂಬತ್ತಕ್ಕ ಎಲ್ಲಾರನೂ ದಂಡಿಗೆ ಹತ್ತಿಸಿಬಿಡ್ತೀನಿ ತಗೋ. ನೆಲದ ಕಡಿಂದ ಗಾಳಿ ಬೀಸಾಕತ್ತೇತಿ, ನೀರು ಕನ್ನಡಿ ಆಗೇತಿ. ಗೇಜೂ ನೋಡೀನಿ."

ಗೇಜು ಅವನ ಹಳೆಯ ಚಾಳಿ. ಒಂಬತ್ತು ವರ್ಷ ಇಲ್ಲಿ ಎಡದಂಡೆ ಕಾಲುವೆಯ ಮೇಲೆ ದಿನಗೂಲಿಯಾಗಿ ನೀರಿನ ಮಟ್ಟ ಬರೆದವನು. ಕರಾವಳಿಗೆ ಹೋದ ಮೇಲೂ ಬಂಡೆಯ ಸಂದಿನಲ್ಲಿ ಒಂದು ಗಳ ನೆಟ್ಟು, ಕೆಂಪು-ಬಿಳಿ ಗೆರೆ ಬಳಿದಿದ್ದ.

"ಎಷ್ಟ ಸಲ ನೋಡಿದಿ?"

"ಎಷ್ಟ ಸಲ ನೋಡ್ತಾರ? ಮುಂಜಾನಿ ಒಮ್ಮಿ, ಸಂಜಿಕ ಒಮ್ಮಿ."

ಕಾಲುವೆಗೆ ಅಷ್ಟು ಸಾಕು. ಮೇಲೆ ಗೇಟು ಎತ್ತದ ಹೊರತು ಅಲ್ಲಿ ನೀರು ಬದಲಾಗುವುದಿಲ್ಲ.

"ಇಪ್ಪತ್ತು ನಿಮಿಷ ಗಳದ ಮುಂದ ಕುಂದ್ರು ಅಣ್ಣಾ. ಮೊದಲನೇವು ಲಗೂನೂ ಬರಬಹುದು."

ಹಿಂದಿನಿಂದ ಸೊಹೇಲನ ದನಿ ಕೇಳಿಸಿತು. ಗಂಗಾವತಿಯವನು, ಅಣ್ಣನ ಜೊತೆ ಕಲಿಸುವವನು. "ಅಯ್ಯಪ್ಪಣ್ಣಾ, ಗಿರಣಿ ಮೇಡಂ ಏನಂತಾರ? ಸಮುದ್ರ ಇನ್ನಾ ಹಸಿ ಐತಂತೇನು? ಒಣಗಿಸಿ ತರಬೇಕಂತೇನು?"

ಅಣ್ಣನೂ ನಕ್ಕ. "ಆರು ಮಂದಿ ನಿಂತಾರವ್ವಾ. ಮಧ್ಯಾಹ್ನ ಅವರ ಬಸ್ಸೈತಿ."

ನಿನ್ನಿಷ್ಟ ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಮೂರನೆಯ ಸಲವೂ ಸುಳ್ಳಾದರೆ ನನ್ನನ್ನು ಯಾರೂ ಕೇಳುವುದಿಲ್ಲ. ನಾಳೆಯಿಂದ ಆರೂವರೆಯ ತನಕ ಮಲಗಬಹುದು. ಆ ಯೋಚನೆ ಹಿತವಾಗಿತ್ತು.

"ಆರು ಮಂದ್ಯಾಗ ಈಸು ಬರೋರು ಎಷ್ಟು?"

"ಇಬ್ರು."

"ಹಂಗಾರ ಕುಂದ್ರು. ಫೋನ್ ಇಡಬ್ಯಾಡ."

ಗೊಣಗುತ್ತ ಕೂತ. ನಾನು ಗೋಡೆಗೊರಗಿ ಗಡಿಯಾರ ನೋಡುತ್ತಿದ್ದೆ. ಐದು ನಿಮಿಷಕ್ಕೆ "ಏನಿಲ್ಲ" ಎಂದ. ಒಂಬತ್ತನೇ ನಿಮಿಷಕ್ಕೂ ಅದನ್ನೇ ಹೇಳಿದ. ಹನ್ನೊಂದನೇ ನಿಮಿಷಕ್ಕೆ ಅವನ ದನಿ ತಗ್ಗಿತು.

"ಸುಕನ್ಯಾ, ನೀರು ಒಂದು ಗೆರಿ ಏರಿ ಇಳೀತು."

"ಹೂಂ."

"ಒಂದ ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ. ಹದಿನಾಲ್ಕನೇ ತಾರೀಖು ಬರಲಿಲ್ಲ ಅಂದಿದ್ನಲ್ಲ. ಬಂದಿತ್ತು. ನೀ ಹೇಳಿದ ಹೊತ್ತಿಗೇ. ಸೊಹೇಲನ ಹಲಿಗಿ ಎರಡು ತುಂಡಾತು."

"ಅದರ ಮೊದಲಿಂದು?"

"ಅದೂ ಬಂದಿತ್ತು."

"ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ದಿನಾ ಬ್ಯಾಡ ಅಂತಿದ್ದಿ. ಮಾಲಕರು ಎಲ್ಲಾ ಬಂದ್ ಮಾಡಿ ನಮ್ಮನ್ನ ಊರಿಗೆ ಕಳಸ್ತಿದ್ರು. ಇನ್ನೊಂದು ಹದಿನೈದು ದಿನ ನಡೀಲಿ ಅಂತ..."

ಸಿಟ್ಟಾಗಲು ನನ್ನಲ್ಲಿ ತ್ರಾಣವೂ ಉಳಿದಿರಲಿಲ್ಲ. ಎರಡು ವಾರ, ಗಿರಣಿಯಿಂದ ಬಂದು ಉಂಡ ಮೇಲೆ, ಇಲ್ಲದ ತಪ್ಪನ್ನು ಹುಡುಕುತ್ತ ಕೂತಿದ್ದೆ. ದೂರವನ್ನು ವೇಗದಿಂದ ಭಾಗಿಸಿ, ಮತ್ತೆ ಭಾಗಿಸಿ. ಕೊನೆಗೆ ಸರಿಯಿದ್ದ ಉತ್ತರಕ್ಕೆ ಆರು ಗಂಟೆ ಸೇರಿಸಿದ್ದೆ.

ಆರು ಗಂಟೆ. ಮಧ್ಯಾಹ್ನದಿಂದ ಅದನ್ನು ಕಳೆದೆ. ಗಡಿಯಾರದಲ್ಲಿ ಆರೂ ಇಪ್ಪತ್ತಾಗಿತ್ತು.

"ಅಣ್ಣಾ, ಆ ಮಂದಿ ಎಲ್ಲಿ ನಿಂತಾರ?"

"ಮಣಕಾಲ ನೀರಾಗ. ಫೋಟೋ ತಕ್ಕೊಳಾಕತ್ತಾರ."

"ಮ್ಯಾಲ ಕರಿ. ಮಧ್ಯಾಹ್ನ ಅಲ್ಲ, ಈಗ ಬರ್ತಾವು. ಓಡು!"

ಅವನು ಫೋನ್ ಹಿಡಿದೇ ಓಡಿದ. ಏದುಸಿರು, ಸೀಟಿ. "ಸೊಹೇಲಾ, ಆ ಹೆಣ್ಮಗಳನ್ನ ಎಳಿ, ಎಳಿಯೋ!" ಆಮೇಲೆ ಲಾರಿಯಿಂದ ಭತ್ತ ಸುರಿದಂಥ ಸದ್ದು, ಬಹಳ ಹೊತ್ತು. ಅದು ಮುಗಿಯಿತು ಎನ್ನುವಷ್ಟರಲ್ಲಿ ಇನ್ನೊಂದು. ನಾನು ಎಣಿಸಿದೆ. ನಡುವೆ ಹದಿನೆಂಟು ಇತ್ತು. ಹೀಗೆ ಐದು.

"ಅಣ್ಣಾ?"

"ಅದಾರ. ಆರೂ ಮಂದಿ ಅದಾರ. ಒಬ್ಬಾಕಿಗೆ ಮಣಕಾಲು ತರಚೇತಿ, ಅಷ್ಟ." ಉಸಿರು ಹಿಡಿಯಲು ನಿಂತ. "ನಾಳಿ ಹೆಂಗ?"

"ನಾಳೆನೂ ಬ್ಯಾಡ. ಆಮ್ಯಾಲ ಮಳಿಗಾಲದ ಪಡುವಣ ಗಾಳಿ ಹಿಡೀತೈತಿ. ಮುಗೀತು ಈ ವರ್ಷದ್ದು."

"ಹಂಗಾರ ಊರಿಗೆ ಬರ್ತೀನಿ. ಸುಳ್ಳು ಹೇಳಿದ್ದಕ್ಕ ಬೈಯವ್ವಾ ಒಂದೀಟು."

"ಬಾ ಮೊದಲು. ಈಗ ನನ್ನ ಕೈಲಿ ಆಗಂಗಿಲ್ಲ."

ಫೋನ್ ಇಟ್ಟೆ. ಕಾರಟಗಿಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಏಳಬೇಕೆಂದುಕೊಂಡು ಅಲ್ಲೇ ನೆಲದ ಮೇಲೆ ಕಾಲು ಚಾಚಿದೆ.