ಪುಟ್ಟಿಯ ಹಲ್ಲುಗಳು

ಪರದೆಯ ಮೇಲೆ ನನ್ನದೇ ಮೂಗು, ಹುಬ್ಬಿನ ಪಕ್ಕದ ನನ್ನದೇ ಮಚ್ಚೆ, ಆದರೆ ಬಾಯಿ ನನ್ನದಲ್ಲ — ಬೆಳ್ಳಗೆ, ನೆಟ್ಟಗೆ ಸಾಲಾಗಿ ನಿಂತ ಹಲ್ಲುಗಳು, ನೋಡಿ ಮೇಡಂ, ಮೇಲಿನ ಆರು ಹಲ್ಲು ಮಾತ್ರ ಬದಲಾಯಿಸಿ ತೋರಿಸಿದೀನಿ, ಎನ್ನುತ್ತಿದ್ದಾರೆ ಹಲ್ಲಿನ ಡಾಕ್ಟರು, ಅವರ ಕೈಗವಸಿನ ರಬ್ಬರ್ ವಾಸನೆ ಇನ್ನೂ ನನ್ನ ತುಟಿಯ ಮೇಲಿದೆ, ಇದು ಬರೀ ಚಿತ್ರ, ನೀವು ಒಪ್ಪಿದ್ರೆ ಮಾತ್ರ ಹಲ್ಲು ಸವೆಸಿ ಮೇಲೆ ಹೊಸ ಕವಚ ಕೂರಿಸೋದು, ಒಂದ್ಸಲ ಸವೆಸಿದ್ರೆ ಮತ್ತೆ ಬೆಳೆಯಲ್ಲ, ಯೋಚನೆ ಮಾಡಿ ಹೇಳಿ — ಯೋಚಿಸುವುದೇನು ಬಂತು, ಬುದ್ಧಿ ಬಂದಾಗಿನಿಂದ ಯೋಚಿಸಿದ್ದು ಇದನ್ನೇ, ಹಲ್ಲಿನ ಮೇಲೆ ಹಲ್ಲು ಹತ್ತಿದ ಈ ಬಾಯಿಗೆ ಕೈ ಅಡ್ಡ ಹಿಡಿದೇ ನಕ್ಕವಳು ನಾನು, ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಬೇರೆಯವರ ಮುಖಕ್ಕೆ ಕನ್ನಡಿ ಹಿಡಿಯುವ ಕೆಲಸ, ಈ ಫ್ರೇಮು ನಿಮಗೆ ಒಪ್ಪತ್ತೆ ಸರ್, ಒಂದ್ಸಲ ನಕ್ಕು ನೋಡಿ, ಎನ್ನುವಾಗಲೂ ಎಡಗೈ ತಾನಾಗಿ ಬಾಯಿಗೆ ಏರುತ್ತದೆ, ನೆಗಡಿನಾ ಎಂದು ಕೇಳುತ್ತಾರೆ, ಹೌದು ಎನ್ನುತ್ತೇನೆ, ಎಂಟು ವರ್ಷದಿಂದ ಆ ಅಂಗಡಿಯಲ್ಲಿ ನನಗೆ ನೆಗಡಿ.

ಆದರೆ ಈ ನಗುವನ್ನು ನಾನು ಬಲ್ಲೆ — ನಿಮಗೆ ಇಷ್ಟವಾದ ನಗು ಯಾರದ್ದಾದ್ರೂ ಇದ್ರೆ ಫೋಟೋ ತನ್ನಿ ಎಂದಿದ್ದರು ಹೋದ ವಾರ, ಎಲ್ಲರೂ ನಟಿಯರ ಫೋಟೋ ತರುತ್ತಾರಂತೆ, ನಾನು ಹಿಂದೆಮುಂದೆ ನೋಡದೆ ತಂಗಿಯದನ್ನು ಕೊಟ್ಟೆ, ಪುಟ್ಟಿಯದು, ಇಬ್ಬರದೂ ಒಂದೇ ಅಚ್ಚಿನ ಮುಖ, ದೊಡ್ಡವಳಿಗೆ ಹಲ್ಲೊಂದು ಸರಿ ಇದ್ದಿದ್ರೆ ಎಂದು ಮನೆಗೆ ಬಂದವರೆಲ್ಲ ಲೊಚಗುಟ್ಟುತ್ತಿದ್ದರು, ನನಗೆ ಅವಳ ಮೇಲೆ ಹೊಟ್ಟೆಕಿಚ್ಚಿತ್ತು, ಇತ್ತು, ಈಗ ಮುಚ್ಚಿಡುವುದೇನು, ಎರಡು ವರ್ಷದ ಹಿಂದೆ ಆಸ್ಪತ್ರೆಯಲ್ಲಿ ಅವಳ ಉಸಿರು ನಿಂತು ಬಾಯಿ ಅರೆತೆರೆದು ಉಳಿದಾಗ ಎಲ್ಲರ ಜೊತೆ ನಾನೂ ಅಳುತ್ತಿದ್ದೆ, ಅಳುತ್ತಲೇ ಆ ಹಲ್ಲುಗಳನ್ನು ನೋಡುತ್ತಿದ್ದೆ, ಎಷ್ಟು ಚೆನ್ನಾಗಿವೆ, ಇನ್ನು ಯಾರಿಗೆ ಇವು, ಎಂದುಕೊಂಡೆ, ಆ ಹೊತ್ತಿನಲ್ಲೂ ಹಾಗೆ ಅಂದುಕೊಂಡೆನಲ್ಲ — ನರ್ಸ್ ಬಂದು ಗದ್ದ ಮೇಲಕ್ಕೊತ್ತಿ ಬಾಯಿ ಮುಚ್ಚಿದಳು.

ಸ್ವಲ್ಪ ಸರಿಯಮ್ಮ, ಪರದೆ ಕಾಣ್ತಿಲ್ಲ, ಎನ್ನುತ್ತೇನೆ — ಅಮ್ಮ, ಮೂಲೆಯ ಕುರ್ಚಿ ಬಿಟ್ಟು ಯಾವಾಗ ಎದ್ದಳೋ, ಮರೆವಿನ ಕಾಯಿಲೆ, ಮನೆಯಲ್ಲಿ ಒಬ್ಬಳನ್ನೇ ಬಿಡುವಂತಿಲ್ಲವೆಂದು ಕರೆತಂದಿದ್ದೆ, ಪರದೆಯ ಹತ್ತಿರ ಹೋಗಿ ನಿಂತಿದ್ದಾಳೆ, ಪುಟ್ಟೀ, ಯಾವಾಗ ಬಂದ್ಯೇ, ಊಟ ಆಯ್ತಾ, ಎಂದು ಚಿತ್ರವನ್ನು ಕೇಳುತ್ತಾ ನಗುತ್ತಿದ್ದಾಳೆ, ಅಮ್ಮ ನಕ್ಕು ಎಷ್ಟು ಕಾಲವಾಯಿತು, ಪುಟ್ಟಿ ಇಲ್ಲವೆಂದು ಮೊದಮೊದಲು ಮೂರು ಸಲ ಹೇಳಿದೆ, ಮೂರು ಸಲವೂ ಆಗತಾನೆ ಕೇಳಿದವಳ ಹಾಗೆ ಎದೆ ಬಡಿದುಕೊಂಡಳು, ನಾಲ್ಕನೇ ಸಲ ಕೆಲಸದ ಮೇಲೆ ಹೋಗಿದ್ದಾಳಮ್ಮ ಎಂದೆ, ಅಲ್ಲಿಂದ ಅದೇ ಸುಳ್ಳು, ನನ್ನನ್ನಾದರೂ ಅವಳು ಗುರುತು ಹಿಡಿಯುವುದು ಹೇಗೆ, ಬೆಳಗಾಗೆದ್ದು ಗಲ್ಲ ಹಿಡಿದು ಎಲ್ಲಿ ಬಾಯಿ ತೆಗಿ ಎನ್ನುತ್ತಾಳೆ, ನೋಡಿ, ಓ ದೊಡ್ಡವಳಾ ಎನ್ನುತ್ತಾಳೆ, ನಾನು ಕೈ ಅಡ್ಡ ಹಿಡಿಯದ ಒಂದೇ ಹೊತ್ತು ಅದು — ಈ ಹಲ್ಲು ಸವೆಸಿಬಿಟ್ಟರೆ ದಿನಾ ಬೆಳಗ್ಗೆ ಅವಳಿಗೆ ಪುಟ್ಟಿ ಸಿಗುತ್ತಾಳೆ, ದಿನಾ ನಗುತ್ತಾಳೆ, ಆಮೇಲೆ ಒಂದು ದಿನ ನನ್ನನ್ನೇ ಕೇಳುತ್ತಾಳೆ, ದೊಡ್ಡವಳು ಎಲ್ಲೇ, ಕಾಣ್ತಾನೇ ಇಲ್ಲ, ಆಗ ನಾನೇ ಹೇಳಬೇಕು, ಕೆಲಸದ ಮೇಲೆ ಹೋಗಿದ್ದಾಳಮ್ಮ — ಅಥವಾ ಕೇಳುವುದೇ ಇಲ್ಲವೇನೋ, ಅದು ಇನ್ನೂ ಕಷ್ಟ.

ಇದನ್ನೇ ಮಾಡೋಣ್ವಾ ಮೇಡಂ — ಹೂಂ ಎನ್ನಬೇಕು, ಬೇಡ ಎನ್ನಬೇಕು, ಏನಾದರೊಂದು ಎನ್ನಬೇಕು, ಎಡಗೈ ಆಗಲೇ ಬಾಯಿ ಮುಚ್ಚಿದೆ, ಪರದೆಯಲ್ಲಿ ಕೈಯಿಲ್ಲ, ಅಲ್ಲಿ ನಗು ಇನ್ನೂ ನಿಂತಿಲ್ಲ, ಗಾಜಿನ ಮೇಲೆ ಅಮ್ಮನ ಬೆರಳು, ಬೆರಳಿನ ಕೆಳಗೆ ಪುಟ್ಟಿಯ ಹಲ್ಲುಗಳು, ಅಮ್ಮನ ಬೆರಳು, ಆ ಹಲ್ಲುಗಳು.